ದೇವರ ಮೂಲೆಯ ಕಪ್ಪು ಚೌಕ

ಬಾಬು ಸಾಬ್ ಯಾರು ಎಂದು ಇವತ್ತು ಚಳ್ಳಕೆರೆಯಲ್ಲಿ ಕೇಳಿ ನೋಡಿ. ಅರ್ಧ ಊರು ಮರೆತಿದೆ. ಉಳಿದರ್ಧ ಊರು, "ಓ ಅವನಾ, ದೇವರ ಮೇಲೆ ಕಪ್ಪು ಬಳಿದೋನು" ಎನ್ನುತ್ತದೆ. ಹಾಗೆ ಅನ್ನುವವರ ನಾಲಿಗೆ ಬಿದ್ದುಹೋಗ. ನಾನು ಮಹಾಂತೇಶ್, ವೈರಿಂಗ್ ಕೆಲಸದವನು. ಅದು ನಡೆದ ಎಣ್ಣೆ ಮಿಲ್ಲಿನ ಒಂದೊಂದು ವೈರನ್ನೂ ಎಳೆದವನು ನಾನು. ಅಲ್ಲಿ ನಡೆದದ್ದನ್ನು ಏಣಿಯ ಮೇಲೆ ನಿಂತು ಕಣ್ಣಾರೆ ಕಂಡಿದ್ದೇನೆ. ಮೆತ್ತಗೆ ಮಾತಾಡುವುದು ನನಗೆ ಬರುವುದಿಲ್ಲ. ಅದಕ್ಕೇ ನನ್ನ ಹೆಂಡತಿ ಗಂಗಾಂಬಿಕಾ ನೆಂಟರ ಮನೆಗೆ ಹೋಗುವಾಗ ನನ್ನನ್ನು ಬಿಟ್ಟೇ ಹೋಗುತ್ತಾಳೆ.

ಬಾಬುವಿನ ಅಪ್ಪ ಹೊಲದ ಬಾವಿಗಳ ಆಯಿಲ್ ಎಂಜಿನ್ ರಿಪೇರಿ ಮಾಡಿಕೊಂಡು ಪರಶುರಾಂಪುರದ ಕಡೆ ಹಳ್ಳಿ ಹಳ್ಳಿ ತಿರುಗುತ್ತಿದ್ದವನು. ಮಗನಾದರೂ ಒಂದು ಕಡೆ ನೆಲೆ ನಿಲ್ಲಲಿ ಎಂದು, ಅವನಿಗೆ ಮೀಸೆ ಮೂಡುವ ಹೊತ್ತಿಗೆ ತಿಪ್ಪೇರುದ್ರಪ್ಪನವರ ಎಣ್ಣೆ ಮಿಲ್ಲಿಗೆ ತಂದು ಬಿಟ್ಟ. ಹೆಲ್ಪರ್ ಆಗಿ ಸೇರಿದ ಬಾಬು ಬರಬರುತ್ತಾ ಫಿಟ್ಟರ್ ಆದ. ಕೆಲಸದಲ್ಲಿ ಅವನೇನು ಭಾರಿ ಪಂಡಿತನಲ್ಲ. ಬೋಲ್ಟು ಬಿಗಿಯಾಗದಿದ್ದರೆ ಸುತ್ತಿಗೆಯಲ್ಲಿ ಎರಡು ಬಾರಿಸಿ, ಆಯ್ತು ಬಿಡು ಎನ್ನುವ ಪೈಕಿ. ಅವನು ಬಿಗಿದ ಬೋಲ್ಟನ್ನು ಇನ್ನೊಬ್ಬ ಬಂದು ಮತ್ತೆ ಬಿಗಿಯಬೇಕಿತ್ತು. ಆದರೆ ಕೈ ಶುದ್ಧ. ಗೋಡೌನಿನಲ್ಲಿ ಶೇಂಗಾ ರಾಶಿ ಬಿದ್ದಿದ್ದರೂ ಒಂದು ಬೀಜ ಬಾಯಿಗೆ ಹಾಕಿಕೊಂಡವನಲ್ಲ. ಅದನ್ನು ನೋಡಿಯೇ ಸಾಹುಕಾರರು ತೊಂಬತ್ತರ ದಶಕದ ನಡುವೆ ಒಂದು ದಿನ ಮಿಲ್ಲಿನ ಬೀಗದ ಕೈ ತೆಗೆದು ಅವನ ಕೈಗೆ ಕೊಟ್ಟರು.

ಅವತ್ತಿನಿಂದ ಅವನ ನಡಿಗೆಯೇ ಬದಲಾಯಿತು. ಬೀಗದ ಕೈಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡ. ಶುಕ್ರವಾರ ಬಿಳಿ ಜುಬ್ಬ ಹಾಕಿ, ಅತ್ತರು ಬಳಿದುಕೊಂಡು ನಮಾಜಿಗೆ ಹೋಗುವಾಗಲೂ ಅದು ಸೊಂಟದಲ್ಲೇ. ಅವನ ಹೆಂಡತಿ ಜೀನತ್, ಬೀಗದ ಕೈ ಜೊತೆನೇ ನಿಕಾಹ್ ಮಾಡ್ಕೊಳ್ಳಬೇಕಿತ್ತು ನೀವು ಎಂದು ಎಲ್ಲರ ಮುಂದೆ ಕಿಚಾಯಿಸುತ್ತಿದ್ದಳು. ಅವನು ನಗುತ್ತಿದ್ದ. ಬಾಬು ಮನೆ ಬೇಕು, ಜಮೀನು ಬೇಕು ಎಂದು ಆಸೆ ಪಟ್ಟಿದ್ದನ್ನು ನಾನು ಕಂಡಿಲ್ಲ. ಸಾಹುಕಾರರ ಮನೆಯವರು ನಾಕು ಜನರ ಮುಂದೆ 'ಬಾಬು ನಮ್ಮ ನಂಬಿಕಸ್ಥ' ಎಂದರೆ ಸಾಕು, ಹೊಟ್ಟೆ ತುಂಬುತ್ತಿತ್ತು. ಆ ಒಂದು ಮಾತಿಗಾಗಿ ಬದುಕಿದ ಮನುಷ್ಯ ಅವನು, ಹುಚ್ಚು ನನ್ಮಗ.

ಎಣ್ಣೆ ಮಿಲ್ಲು ಎಂದರೆ ನೆಲ, ಗೋಡೆ, ತೊಲೆ ಎಲ್ಲವೂ ಎಣ್ಣೆ ಕುಡಿದಿರುತ್ತವೆ. ಒಂದು ಕಿಡಿ ಬಿದ್ದರೆ ಮುಗಿಯಿತು. ಸಾಹುಕಾರರ ಮಗ ವಿಶ್ವನಾಥ್ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಬಂದು ಮಿಲ್ಲಿನಲ್ಲಿ ಕೂತ ಮೇಲೆ, ಎರಡು ಸಾವಿರದ ಆರರಲ್ಲಿ, ಬೆಂಕಿ ಕಂಡುಹಿಡಿಯುವ ಕ್ಯಾಮೆರಾ ತರಿಸಿದ. ಹೊಗೆ ಕಂಡರೆ ಕೂಗುವ ಯಂತ್ರಗಳು ನಮ್ಮ ಮಿಲ್ಲುಗಳಲ್ಲಿ ನಡೆಯುವುದಿಲ್ಲ, ಹೊಟ್ಟಿನ ಧೂಳಿಗೇ ದಿನವಿಡೀ ಕೂಗುತ್ತಿರುತ್ತವೆ. ಪುಣೆಯ ಕಂಪನಿಯೊಂದರ ಎಂಜಿನಿಯರ್ ಬಂದು ಹೊಸದನ್ನು ಜೋಡಿಸಿದ. ಗೋಡೌನಿನ ಸೂರಿಗೆ ಕ್ಯಾಮೆರಾ, ಆಫೀಸಿನಲ್ಲಿ ಕಂಪ್ಯೂಟರ್. ಕ್ಯಾಮೆರಾ ಕಳಿಸುವ ಚಿತ್ರದಲ್ಲಿ ಜ್ವಾಲೆಯ ಬಣ್ಣ, ಜ್ವಾಲೆಯ ಕುಣಿತ ಕಂಡರೆ ಕಂಪ್ಯೂಟರ್ ಗುರುತು ಹಿಡಿಯುತ್ತದೆ. ಚಿತ್ರವನ್ನು ಚೌಕ ಚೌಕವಾಗಿ ಭಾಗ ಮಾಡಿರುತ್ತಾರೆ. ಯಾವ ಚೌಕದಲ್ಲಿ ಬೆಂಕಿ ಕಂಡಿತೋ ಗೋಡೌನಿನಲ್ಲಿ ಅದು ಯಾವ ಜಾಗ ಎಂದು ಅದಕ್ಕೆ ಗೊತ್ತು. ಸೈರನ್ ಹೊಡೆಯುತ್ತದೆ, ಸೂರಿನ ಪೈಪಿನಿಂದ ಸರಿಯಾಗಿ ಆ ಜಾಗಕ್ಕೇ ನೀರು ಸುರಿಯುತ್ತದೆ.

ಪರೀಕ್ಷೆ ಮಾಡುವ ದಿನ ಬಾಣಲೆಯಲ್ಲಿ ಸೀಮೆಎಣ್ಣೆ ಬಟ್ಟೆ ಉರಿಸಿ ಹಿಡಿದುಕೊಂಡು ಓಡಾಡಿದವನು ಬಾಬು. ಇಲ್ಲಿಟ್ಟರೆ ಇಲ್ಲಿ ಮಳೆ, ಅಲ್ಲಿಟ್ಟರೆ ಅಲ್ಲಿ ಮಳೆ. ನೆನೆದು ತೊಪ್ಪೆಯಾಗಿ, ಎಲ್ಲಿಟ್ರೂ ಕಂಡು ಹಿಡಿತೈತಲ್ಲಲೇ ಇದು ಎಂದು ನನ್ನ ಹತ್ತಿರ ಓಡಿ ಬಂದು ಹೇಳಿದ. ವಿಶ್ವನಾಥ್ ಅವನಿಗೆ ಮೌಸ್ ಹಿಡಿಯುವುದನ್ನು ಕಲಿಸಿ, ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವನ್ನೂ ಅವನಿಗೇ ವಹಿಸಿದ. ಈಗ ಬೀಗದ ಕೈಯ ಜೊತೆ ಇದೂ ಸೇರಿತಲ್ಲ, ಕೇಳಬೇಕೇ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನ ಕೊರೆತ ತಡೆಯಲು ಆಗುತ್ತಿರಲಿಲ್ಲ.

ಎಲ್ಲರೂ ಮರೆತದ್ದು ಅಮಾವಾಸ್ಯೆಯನ್ನು. ಗೋಡೌನಿನ ಒಂದು ಮೂಲೆಯಲ್ಲಿ ನಾಯಕನಹಟ್ಟಿ ತಿಪ್ಪೇಸ್ವಾಮಿಯ ದೊಡ್ಡ ಫೋಟೊ ಇತ್ತು, ಹಿತ್ತಾಳೆಯ ಚೌಕಟ್ಟಿನದು. ತಿಪ್ಪೇರುದ್ರಪ್ಪನವರ ಅಪ್ಪ ಮೊದಲ ಗಾಣ ಹೂಡಿದ ದಿನ ಇಟ್ಟದ್ದು. ದಿನಾಲೂ ಬರೀ ಊದುಬತ್ತಿ. ಅಮಾವಾಸ್ಯೆಗೆ ಮಾತ್ರ ಮಿಷಿನ್ ನಿಲ್ಲಿಸಿ, ವಿಭೂತಿ ಹಚ್ಚಿ, ಕುಂಬಳಕಾಯಿ ಒಡೆದು, ತಮ್ಮದೇ ಮಿಲ್ಲಿನ ಎಣ್ಣೆಯಲ್ಲಿ ದೀಪ ಹಚ್ಚುತ್ತಾರೆ. ಆ ದೀಪ ಹೊತ್ತು ಮುಳುಗುವವರೆಗೂ ಆರಬಾರದು. ಪುಣೆಯವನು ಬಂದು ಹೋದದ್ದು ಹುಣ್ಣಿಮೆಯ ಆಸುಪಾಸಿನಲ್ಲಿ. ಅವನಿಗೆ ಇದನ್ನೆಲ್ಲ ಯಾರು ಹೇಳಬೇಕು?

ಅಮಾವಾಸ್ಯೆ ಬಂತು. ಪೂಜೆಗೆ ಬಂದ ಅಯ್ಯನವರು ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದರು ನೋಡಿ, ಸೈರನ್ ಹೊಡೆಯಿತು. ಸೂರಿನಿಂದ ನೀರು ಧೋ ಎಂದು ಸುರಿಯಿತು. ಅಯ್ಯನವರ ವಿಭೂತಿ ತೊಳೆದುಹೋಯಿತು, ಸಾಹುಕಾರರ ಹೆಂಡತಿ ಸರ್ವಮಂಗಳಮ್ಮನ ಹೊಸ ಮೊಳಕಾಲ್ಮೂರು ಸೀರೆ ಮೈಗಂಟಿತು, ದೀಪ ಆರಿತು. ಹಮಾಲರು ಬಾಯಿಗೆ ಟವಲ್ ತುರುಕಿಕೊಂಡು ಹೊರಗೆ ಓಡಿದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ನಗು ಅಲ್ಲಿಗೆ ಮುಗಿಯಿತು. ಅಮಾವಾಸ್ಯೆಯ ದಿನ ದೇವರ ದೀಪ ಆರಿತು ಎಂದು ಸರ್ವಮಂಗಳಮ್ಮ ಅತ್ತರು. ಎಲ್ಲರೂ ಆಫೀಸಿನಲ್ಲಿ ಸೇರಿದರು. ನಾನು ಬಾಗಿಲ ಹೊರಗೆ ಏಣಿ ಹತ್ತಿ ಒದ್ದೆ ವೈರು ನೋಡುತ್ತಿದ್ದೆ. ವಿಶ್ವನಾಥ್ ಎಂಜಿನಿಯರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಆತ ಹಿಂದಿಯಲ್ಲಿ ಹೇಳುತ್ತಿದ್ದ, ಬಾಬು ದೊಡ್ಡವರಿಗೆ ಕನ್ನಡದಲ್ಲಿ ಹೇಳುತ್ತಿದ್ದ. ದೇವರನ್ನು ಬೇರೆ ಕಡೆ ಇಡಿ ಎಂದ. ಆಗುವುದಿಲ್ಲ, ಅಪ್ಪ ಇಟ್ಟದ್ದು ಎಂದರು ತಿಪ್ಪೇರುದ್ರಪ್ಪ. ದೀಪ ಇರುವಷ್ಟು ಹೊತ್ತು ಸಿಸ್ಟಮ್ ಆಫ್ ಮಾಡಿ ಒಬ್ಬರನ್ನು ನಿಲ್ಲಿಸಿ ಎಂದ. ಹಬ್ಬದ ದಿನ ಯಾರು ನಿಲ್ಲುತ್ತಾರೆ ಎಂದ ವಿಶ್ವನಾಥ್. ಕೊನೆಗೆ ಆತ ಬೇಸತ್ತು, ಕಂಪ್ಯೂಟರಿನ ಚಿತ್ರದಲ್ಲಿ ಆ ಮೂಲೆಯ ಮೇಲೊಂದು ಕಪ್ಪು ಚೌಕ ಎಳೆದರೆ ಕ್ಯಾಮೆರಾ ಅಲ್ಲಿ ಏನನ್ನೂ ನೋಡುವುದಿಲ್ಲ ಎಂದ. ಅದರ ಹಿಂದೆಯೇ ಇನ್ನೊಂದು ಮಾತು ಹೇಳಿದ. ಬಾಬು ಅದನ್ನೂ ಬಿಡಿಸಿ ಹೇಳಿದ.

"ಆ ಮೂಲ್ಯಾಗೆ ಬೆಂಕಿ ಬಿದ್ರೆ ಇದಕ್ಕೆ ಗೊತ್ತಾಗಲ್ಲಂತ್ರೀ ಸಾವ್ಕಾರ್ರೆ."

ಎಲ್ಲರೂ ಕೇಳಿಸಿಕೊಂಡರು. ದೀಪ ಒಂದನ್ನು ಆಫೀಸಿನಲ್ಲಿ ಇಡ್ರಿ, ದೇವರೇನು ಸಿಟ್ಟಾಗಲ್ಲ ಎಂದು ನಾನು ಏಣಿಯ ಮೇಲಿಂದಲೇ ಕೂಗಿದೆ. ನಿನ್ನ ವೈರ್ ನೋಡ್ಕೊ ಮಹಾಂತೇಶಣ್ಣ ಎಂದ ವಿಶ್ವನಾಥ್.

ವಿಶ್ವನಾಥ್ ಮೌಸ್ ಹಿಡಿದು ಕೂತ. ಪರದೆಯ ಮೇಲೆ ತಿಪ್ಪೇಸ್ವಾಮಿ, ಹೂವಿನ ಹಾರ, ಆರಿದ ದೀಪ. ಅದರ ಮೇಲೆ ಕಪ್ಪು ಎಳೆಯಬೇಕು. ಅವನ ಕೈ ನಿಂತುಬಿಟ್ಟಿತು. ಎಂಜಿನಿಯರಿಂಗ್ ಓದಿದರೇನಂತೆ, ಅಮಾವಾಸ್ಯೆಯ ದಿನ ಮನೆದೇವರ ಮುಖಕ್ಕೆ ಕಪ್ಪು ಬಳಿಯಲು ಯಾರಿಗೆ ಧೈರ್ಯ ಬಂದೀತು? ನೀನು ಬ್ಯಾಡಪ್ಪ, ಮಕ್ಕಳೊಂದಿಗ ಎಂದು ತಾಯಿ ಅವನ ಭುಜ ಹಿಡಿದು ಎಬ್ಬಿಸಿದರು. ಅಯ್ಯನವರ ಕಡೆ ನೋಡಿದರು. ಅಯ್ಯನವರು ತಮ್ಮ ಪಂಚೆ ಹಿಂಡಿಕೊಳ್ಳುವುದರಲ್ಲಿ ಮಗ್ನರಾದರು. ತಿಪ್ಪೇರುದ್ರಪ್ಪ ಸೂರು ನೋಡಿದರು. ಆಗ ಸರ್ವಮಂಗಳಮ್ಮ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

"ಬಾಬು ಮಾಡ್ಲಿ ಬಿಡ್ರಿ. ಅವನಿಗೆ ದೋಷ ತಟ್ಟಲ್ಲ."

ನಾನು ಏಣಿಯಿಂದ ಬೀಳುವುದೊಂದು ಬಾಕಿ. ಬಾಬು ಮಾತ್ರ ಚಪ್ಪಲಿ ಹೊರಗೆ ಬಿಟ್ಟ. ನಲ್ಲಿಯಲ್ಲಿ ಕೈ ತೊಳೆದು ಬಂದ. ಪರದೆಯ ಮೇಲಿದ್ದ ತಿಪ್ಪೇಸ್ವಾಮಿಗೆ ಎದೆ ಮುಟ್ಟಿ ಸಲಾಂ ಮಾಡಿ, ದೀಪದ ಮೇಲಷ್ಟೇ ಒಂದು ಸಣ್ಣ ಚೌಕ ಎಳೆದ. ವಿಶ್ವನಾಥ್ ಹಿಂದೆ ನಿಂತು, ಫೋಟೊ ಗಾಜಿನಲ್ಲೂ ದೀಪ ಹೊಳೆಯುತ್ತದೆ, ಇನ್ನೂ ಎಳಿ, ಇನ್ನೂ ಎಳಿ ಎನ್ನುತ್ತಾ ಇಡೀ ಮೂಲೆಯೇ ಕಪ್ಪಾಗುವವರೆಗೂ ಎಳೆಸಿದ. ದೀಪ ಮತ್ತೆ ಹಚ್ಚಿದರು. ಸೈರನ್ ಹೊಡೆಯಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು.

ಅವತ್ತು ಟೀ ಅಂಗಡಿಯಲ್ಲಿ ಬಾಬುವಿಗೆ ಚೆನ್ನಾಗಿ ಉಗಿದೆ. ತಮ್ಮ ಕೈಗೆ ಅಂಟಬಾರದ್ದನ್ನು ನಿನ್ನ ಕೈಗೆ ಅಂಟಿಸಿದ್ದಾರೆ, ನಿನಗೆ ಅಷ್ಟೂ ತಿಳಿಯುವುದಿಲ್ಲವೇ ಎಂದೆ. ಅವನಿಗೆ ನನ್ನ ಮಾತು ಒಳಗಿಳಿಯಲೇ ಇಲ್ಲ.

"ಅವ್ರ ದೇವ್ರನ್ನೇ ನನ್ನ ಕೈಯಾಗೆ ಕೊಟ್ರಲ್ಲಲೇ ಮಹಾಂತೇಶ," ಎಂದ. "ನನ್ನ ಮ್ಯಾಲೆ ಅಷ್ಟು ನಂಬಿಕೆ ಐತೆ ಅವ್ರಿಗೆ."

ಮುಂದಿನ ವರ್ಷ ಶೇಂಗಾ ಚೆನ್ನಾಗಿ ಬಂತು. ಗೋಡೌನು ತುಂಬಿತು. ಕ್ಯಾಮೆರಾಕ್ಕೆ ಅಡ್ಡವಾಗಿ ಏನನ್ನೂ ಒಟ್ಟಬಾರದು ಎಂದು ವಿಶ್ವನಾಥ್ ಹಮಾಲರಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಹಾಗಾದರೆ ಖಾಲಿ ಗೋಣಿಚೀಲ ಎಲ್ಲಿ ಒಟ್ಟಬೇಕು? ಕ್ಯಾಮೆರಾ ನೋಡದ ಜಾಗ ಒಂದೇ ಇತ್ತು. ದೇವರ ಫೋಟೊದ ಪಕ್ಕಕ್ಕೆ, ಎಣ್ಣೆ ಕುಡಿದ ಚೀಲಗಳನ್ನು ಸೂರಿನವರೆಗೆ ಒಟ್ಟಿದರು. ಬಾಬು ನೋಡಿದ. ಮೈ ಉರಿದುಹೋಗುತ್ತದೆ ನೆನೆಸಿಕೊಂಡರೆ, ಅವನೂ ಏನೂ ಅನ್ನಲಿಲ್ಲ. ಸಣ್ಣ ಸಾಹುಕಾರರು ಹೇಳಿದ ಮೇಲೆ ಸರಿಯೇ ಇರುತ್ತದೆ ಎಂದುಕೊಂಡನಂತೆ.

ಒಂದು ಅಮಾವಾಸ್ಯೆಯ ದಿನ ಪೂಜೆ ಮುಗಿಸಿ ಎಲ್ಲರೂ ಹೋಳಿಗೆ ಊಟಕ್ಕೆ ಮನೆಗೆ ಹೋದರು. ಮಿಷಿನ್ ನಿಂತಿತ್ತು. ಗೇಟಿನಲ್ಲಿ ವಾಚ್‌ಮನ್ ಕ್ಯಾತಪ್ಪ ಒಬ್ಬನೇ. ಒಳಗೆ ಏನಾದರೂ ಆದರೆ ಸೈರನ್ ಕೂಗುತ್ತದೆ ಎಂಬ ಧೈರ್ಯ ಅವನಿಗೆ. ಎಣ್ಣೆ ಬತ್ತಿಯ ಆಸೆಗೆ ಇಲಿ ಬರುವುದು ನಮ್ಮ ಮಿಲ್ಲುಗಳಲ್ಲಿ ಎಲ್ಲರಿಗೂ ಗೊತ್ತು. ಇಲಿಯೇ ಬತ್ತಿ ಎಳೆದುಕೊಂಡು ಹೋಯಿತೋ, ಗಾಳಿಗೆ ದೀಪವೇ ಉರುಳಿತೋ, ನೋಡಿದವರಿಲ್ಲ. ನೋಡಬೇಕಿದ್ದ ಕಣ್ಣನ್ನು ಮುಚ್ಚಿಸಿ ಹೋಳಿಗೆ ತಿನ್ನುತ್ತಿದ್ದರಲ್ಲ. ಬೆಂಕಿ ಆ ಮೂಲೆಯಲ್ಲೇ ಬೇಕಾದಷ್ಟು ಬೆಳೆದು, ಕಪ್ಪು ಚೌಕದ ಆಚೆಗೆ ನಾಲಿಗೆ ಚಾಚಿದಾಗ ಸೈರನ್ ಹೊಡೆಯಿತು. ನೀರು ಅಂಚಿನಲ್ಲಿ ಮಾತ್ರ ಸುರಿಯಿತು. ಬೆಂಕಿ ಹುಟ್ಟಿದ ಮೂಲೆಗೆ ಒಂದು ಹನಿಯೂ ಬೀಳಲಿಲ್ಲ.

ನಾನು ಹೋಗುವ ಹೊತ್ತಿಗೆ ಸೂರಿನ ಶೀಟುಗಳು ಪಟಪಟ ಸಿಡಿಯುತ್ತಿದ್ದವು. ಸಾಹುಕಾರರ ಮನೆಯವರೆಲ್ಲ ರಸ್ತೆಯಲ್ಲಿ ನಿಂತಿದ್ದರು. ಫೈರ್ ಎಂಜಿನ್ ಇನ್ನೂ ದಾರಿಯಲ್ಲಿತ್ತು. ತಿಪ್ಪೇಸ್ವಾಮಿ ಒಳಗೇ ಇದ್ದಾನಲ್ಲೋ ಎಂದು ಸರ್ವಮಂಗಳಮ್ಮ ಬಾಯಿ ಬಡಿದುಕೊಂಡರು. ಬಾಬು ಮನೆಯಿಂದ ಓಡಿ ಬಂದವನು ಸೊಂಟದ ಬೀಗದ ಕೈಯಿಂದ ಹಿಂದಿನ ಬಾಗಿಲು ತೆಗೆದು ಒಳಗೆ ನುಗ್ಗಿದ. ನಾನು ಅಂಗಿ ಹಿಡಿದು ಎಳೆದೆ, ಅಂಗಿಯ ಚೂರು ನನ್ನ ಕೈಯಲ್ಲಿ ಉಳಿಯಿತು. ಹೊರಗೆ ಬಂದಾಗ ಎದೆಗೆ ಅವುಚಿಕೊಂಡ ಫೋಟೊ. ಕಾದ ಹಿತ್ತಾಳೆ ಚೌಕಟ್ಟು ಬಲಗೈಯ ಚರ್ಮಕ್ಕೆ ಅಂಟಿಕೊಂಡಿತ್ತು. ಸರ್ವಮಂಗಳಮ್ಮ ಸೆರಗೊಡ್ಡಿ ಫೋಟೊ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಿನ್ನ ಹೊಟ್ಟೆ ತಣ್ಣಗಿರ್ಲಿ ಬಾಬು ಎಂದರು. ಇದನ್ನೂ ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ವಿಮೆಯವರು ವಿಚಾರಣೆಗೆ ಬಂದಾಗ ಬಾಬು ದಾವಣಗೆರೆಯ ಆಸ್ಪತ್ರೆಯಲ್ಲಿದ್ದ. ಆಫೀಸಿನ ಕಂಪ್ಯೂಟರ್ ಉಳಿದಿತ್ತು. ಅವತ್ತಿನ ಚಿತ್ರ ಹಾಕಿ ನೋಡಿದರು. ಮೂಲೆಯಲ್ಲಿ ಕಪ್ಪು ಚೌಕ. ಅದರ ಅಂಚಿನಿಂದ ಹೊಗೆ, ಆಮೇಲೆ ಕೆಂಪು. ಇದನ್ನು ಹಾಕಿದ್ದು ಯಾರು ಎಂದು ಸಾಹೇಬರು ಕೇಳಿದರು. ನಾವೇ ಹಾಕಿಸಿದ್ದು ಎಂದರೆ ವಿಮೆ ಕೈ ತಪ್ಪುತ್ತದೆ.

"ನಮ್ಮ ಫಿಟ್ಟರ್ ಸರ್. ಬಾಬು ಸಾಬ್," ಎಂದ ವಿಶ್ವನಾಥ್.

ಸುಳ್ಳಲ್ಲ ನೋಡಿ. ಹಾಳಾದ್ದು, ಅದು ಸುಳ್ಳಲ್ಲ. ಎಳೆದ ಕೈ ಅವನದೇ. ನನಗೆ ತಡೆಯಲಾಗಲಿಲ್ಲ. ನುಗ್ಗಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಆ ತಾಯಿಯ ಮಾತನ್ನೂ ಬಿಡಲಿಲ್ಲ. ನೀವು ಯಾರು ಎಂದರು. ವೈರಿಂಗ್ ಮಾಡಿದವನು ಎಂದೆ. ಬಾಬುನ ದೋಸ್ತ್ ಸರ್ ಎಂದ ವಿಶ್ವನಾಥ್. ಸಾಹೇಬರು ನನ್ನ ಮಾತು ಬಿಟ್ಟು ನನ್ನ ವೈರುಗಳ ಬಗ್ಗೆ ಪ್ರಶ್ನೆ ಶುರು ಮಾಡಿದರು. ತಿಪ್ಪೇರುದ್ರಪ್ಪ ಅವತ್ತೂ ಸೂರು ನೋಡಿದರು, ಸೂರು ಸುಟ್ಟುಹೋಗಿದ್ದರೂ. ಆಮೇಲೆ ಊರಿನಲ್ಲಿ ಇನ್ನೊಂದು ಮಾತು ಹುಟ್ಟಿತು. ಬೆಂಕಿ ಬಿದ್ದಾಗ ಅವನು ನೇರ ಆ ಮೂಲೆಗೇ ಹೆಂಗೆ ಓಡಿದ, ಅವನಿಗೆ ಮೊದಲೇ ಗೊತ್ತಿತ್ತು ಎಂದರು. ದೇವರನ್ನು ಉಳಿಸಿದ್ದೇ ಸಾಕ್ಷಿಯಾಯಿತು. ಪೊಲೀಸರು ಕರೆಸಿ ಕೇಳಿ, ಏನೂ ಸಿಗದೆ ಬಿಟ್ಟರು. ಊರು ಬಿಡಲಿಲ್ಲ.

ಆಸ್ಪತ್ರೆಯಿಂದ ಬಂದ ಬಾಬುವಿನ ಬಲಗೈ ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಆದರೂ ಅವನಿಗೆ ನಂಬಿಕೆ. ಹುಡುಗರು ಏನೋ ಹೇಳಿರುತ್ತಾರೆ, ದೊಡ್ಡವರಿಗೆ ನಾನು ಗೊತ್ತು ಎಂದು ಜೀನತಳನ್ನು ಕರೆದುಕೊಂಡು ಸಾಹುಕಾರರ ಮನೆಗೆ ಹೋದ. ನಾನೂ ಜೊತೆಗಿದ್ದೆ. ಜಗಲಿಯಲ್ಲಿ ಕೂತೆವು. ತಿಪ್ಪೇರುದ್ರಪ್ಪ ಹೊರಗೆ ಬರಲಿಲ್ಲ. ಸರ್ವಮಂಗಳಮ್ಮ ಹೊಸಿಲವರೆಗೆ ಬಂದರು.

"ನಮ್ಮ ದೇವ್ರ ಮ್ಯಾಲೆ ಕಪ್ಪು ಬಳಿದ ಕೈ ನಿಂದೇ ಅಲ್ವೇನಪ್ಪ," ಎಂದರು. "ಅದ್ರ ಫಲ ನಾವು ಉಂಡ್ವಿ. ಬೀಗದ ಕೈ ಅಲ್ಲಿಟ್ಟು ಹೋಗು."

ಬಾಗಿಲೇ ಸುಟ್ಟುಹೋದ ಮಿಲ್ಲಿಗೆ ಬೀಗದ ಕೈ ಯಾಕೆ ಬೇಕಿತ್ತೋ. ಬಾಬು ಎಡಗೈಯಲ್ಲಿ ಸೊಂಟದ ದಾರದ ಗಂಟು ಬಿಚ್ಚಲು ನೋಡಿದ. ಬರಲಿಲ್ಲ. ಜೀನತ್ ಬಗ್ಗಿ ಬಿಚ್ಚಿ ಜಗಲಿಯ ಮೇಲಿಟ್ಟಳು. ಅವತ್ತು ಅವಳು ಕಿಚಾಯಿಸಲಿಲ್ಲ. ದಾರಿಯುದ್ದಕ್ಕೂ ಬಾಬುವಿನ ಎಡಗೈ ಸೊಂಟ ತಡವಿಕೊಳ್ಳುತ್ತಿತ್ತು. ನಾನು ತಲೆ ತಗ್ಗಿಸಿ ನಡೆದೆ, ನನ್ನವರ ಬಗ್ಗೆ ನನಗೇ ನಾಚಿಕೆಯಾಗಿತ್ತು.

ಜೀನತಳ ತವರಿನವರು ಬಿ.ಜಿ. ಕೆರೆಯಲ್ಲಿದ್ದರು. ಅಲ್ಲಿಗೆ ಹೋಗಿ ಪಂಪ್ ಮೋಟಾರು ಕಾಯಿಲ್ ಕಟ್ಟುವ ಅಂಗಡಿ ಇಟ್ಟರು. ಬಾಬು ಹೇಳುತ್ತಾನೆ, ಜೀನತ್ ತಾಮ್ರದ ತಂತಿ ಸುತ್ತುತ್ತಾಳೆ. ಬರುವ ರೈತರ ಜೊತೆ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡಿಕೊಂಡು ಬದುಕು ನಡೆಯಿತು. ಮಿಲ್ಲಿನ ಮಾತು ಮಾತ್ರ ಅವನ ಬಾಯಲ್ಲಿ ಬರಲಿಲ್ಲ. ಟೀ ಅಂಗಡಿಯಲ್ಲಿ ಕೊರೆಯುತ್ತಿದ್ದ ಮನುಷ್ಯ, ಕೇಳಿದರೆ ಹೂಂ ಎನ್ನುತ್ತಿದ್ದ, ಅಷ್ಟೆ.

ವಿಮೆ ಬಂತು, ಮಿಲ್ಲು ಮತ್ತೆ ಎದ್ದಿತು. ಎರಡು ಸಾವಿರದ ಒಂಬತ್ತರಲ್ಲಿ ನಾನು ಯಾರದೋ ಸುಟ್ಟ ಮೋಟಾರು ಹಾಕಿಕೊಂಡು ಬಾಬುವಿನ ಅಂಗಡಿಗೆ ಹೋಗಿದ್ದೆ. ವಿಶ್ವನಾಥನ ಕಾರು ಬಂದು ನಿಂತಿತು. ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು, ಆದರೂ ಇಳಿದ. ಹೊಸ ಗೋಡೌನು, ಹೊಸ ಕ್ಯಾಮೆರಾ ಎಂದ. ನಿನ್ನೆ ಅಮಾವಾಸ್ಯೆಯ ಪೂಜೆಯಲ್ಲಿ ಮತ್ತೆ ಸೈರನ್ ಹೊಡೆದು ನೀರು ಬಿತ್ತಂತೆ. ದೇವರನ್ನು ಬೇರೆ ಕಡೆ ಇಟ್ಟಿಲ್ಲವೇ ಎಂದು ನಾನು ಕೇಳಿದೆ. ಅಪ್ಪ ಕೇಳಲಿಲ್ಲ ಎಂದ. ಆಮೇಲೆ ಬಾಬುವಿನ ಕಡೆ ತಿರುಗಿದ. ಇಷ್ಟು ವರ್ಷ ಬರೀ 'ಬಾಬು' ಎನ್ನುತ್ತಿದ್ದವನ ಬಾಯಲ್ಲಿ ಅವತ್ತು ರೀ ಬಂತು.

"ಒಂದ್ ನಿಮಿಷದ ಕೆಲ್ಸ, ಬಾಬು ಸಾಬ್ರೆ. ಬರ್ರಿ, ಕಾರ್‌ನಾಗೆ ಕರ್ಕೊಂಡು ಹೋಗಿ ಬಿಡ್ತೀನಿ. ಅವ್ವ ನಿಮ್ಮನ್ನೇ ಕರ್ಕೊಂಡು ಬಾ ಅಂದ್ಲು."

ತಂತಿ ಸುತ್ತುತ್ತಿದ್ದ ಜೀನತಳ ಕೈ ನಿಂತಿತು. ನಾನು ಎದ್ದೆ. ಅವನ ಕೊರಳಪಟ್ಟಿ ಹಿಡಿಯಬೇಕು ಎಂದೇ ಎದ್ದದ್ದು. ಬಾಬು ಕಣ್ಣಲ್ಲೇ ನನ್ನನ್ನು ಕೂರಿಸಿದ.

"ಅವ್ವಾರು ಏನಂದ್ರು?" ಎಂದು ಕೇಳಿದ.

ವಿಶ್ವನಾಥ್ ಬಾಯಿಬಿಟ್ಟು ಹೇಳುವುದು ಬೇಕಿರಲಿಲ್ಲ, ಅದೇ ಹಳೆಯ ಮಾತು, ದೋಷ ತಟ್ಟಲ್ಲ ಎನ್ನುವುದು. ಬಾಬು ಬಲಗೈಯನ್ನು ಟೇಬಲ್ಲಿನ ಮೇಲೆ, ತಾಮ್ರದ ಚೂರುಗಳ ನಡುವೆ, ಅಂಗೈ ಮೇಲಾಗಿ ಇಟ್ಟ. ಹಿತ್ತಾಳೆ ಚೌಕಟ್ಟಿನ ಗೆರೆ ಅದರ ಮೇಲೆ ಇನ್ನೂ ಇತ್ತು.

"ತಟ್ಟೈತೆ ನೋಡ್ರಿ, ಸಣ್ಣ ಸಾವ್ಕಾರ್ರೆ," ಎಂದ.

ವಿಶ್ವನಾಥ್ ಆ ಕೈಯನ್ನು ನೋಡಿದ. ತಪ್ಪಾಯಿತು ಎನ್ನುತ್ತಾನೇನೋ ಎಂದು ನಾನು ಕಾದೆ, ಜೀನತಳೂ ಕಾದಳು. ಅವನು ಗಡಿಯಾರ ನೋಡಿಕೊಂಡು ಕಾರು ಹತ್ತಿದ.

ಅದಾಗಿ ವಾರ ಕಳೆದಿರಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಮುಬಷೀರನನ್ನು ಮಿಲ್ಲಿಗೆ ಕರೆಸಿ ಆ ಕೆಲಸ ಮಾಡಿಸಿದರು ಎಂದು ಗೊತ್ತಾಯಿತು. ನಾನು ಅವನ ಅಂಗಡಿಗೇ ಹೋಗಿ, ಅದನ್ನು ಮಾಡಲು ನಿನ್ನನ್ನೇ ಯಾಕೆ ಕರೆದರು ಗೊತ್ತೇನೋ ಎಂದು ಕೇಳಿದೆ. ಅವನು ಖುಷಿಯಾಗಿದ್ದ. ನನಗೆ ಕೂರಲು ಸ್ಟೂಲ್ ಹಾಕಿ, ಟೀ ತರಿಸಿದ.

"ದೇವ್ರ ಕೆಲ್ಸ ಅಂತ ನನ್ನನ್ನೇ ಹುಡುಕ್ಕೊಂಡು ಬಂದ್ರು ಮಹಾಂತೇಶಣ್ಣ," ಎಂದ. "ಎಷ್ಟು ನಂಬಿಕೆ ಐತೆ ನೋಡ್ರಿ ಅವ್ರಿಗೆ."